ಕಲ್ಲಪ್ಪನ ಕಿಟಕಿ ಅಲಾರಂ

ಥೂ... ಹೇಳೋಕೂ ಹೇಸಿಗೆ. ಆದರೂ ಕೇಳಿ, ಇದು ನಡೆದದ್ದು ನಮ್ಮ ಚಿಕ್ಕಪ್ಪನ ಮಗ ಸಿದ್ದಲಿಂಗೇಶನಿಗೆ.

ಶಿವನಿ ಊರಿನ ಹಳೇ ಬಾವಿ ದಾಟಿ ಮನೆಗೆ ಬರುತ್ತಿದ್ದ. ಗವ್ವೆನ್ನುವ ಕತ್ತಲು. ಜೇಬಿನಲ್ಲಿ ಸಾವಿನ ಮನೆಯಿಂದ ಕದ್ದ ಅಲಾರಂ!

ಕಿಟಕಿಗಳಿಗೆ ಅಲಾರಂ ಕೂರಿಸೋದು ಅವನ ಕಸುಬು. ಅದು ಎರಡು ತುಂಡು. ಚೌಕಟ್ಟಿಗೆ ಪೆಟ್ಟಿಗೆ, ಕಿಟಕಿ ಬಾಗಿಲಿಗೆ ಮ್ಯಾಗ್ನೆಟ್. ಬಾಗಿಲು ತೆರೆದು ಎರಡೂ ದೂರವಾದರೆ ಕಿರುಚುತ್ತೆ. ಸುತ್ತಮುತ್ತ ಕಳ್ಳರ ಕಾಟ ಹೆಚ್ಚಿ ಮಾಲೆಲ್ಲ ಖಾಲಿ. "ಊರಿಗೆಲ್ಲ ಹಾಕ್ತೀರಾ, ಮಗು ಮಲಗೋ ಕಿಟಕಿಗೇ ಇಲ್ಲ" ಅಂತ ಹೆಂಡತಿ ಸಂಗೀತಾ ದಿನಾ ಜಗಳ. ಹೆಣದ ಹಣೆ ಮೇಲಿನ ಕಾಸನ್ನೂ ಬಿಡದ ಕುಳ ಇವನು, ಅವತ್ತು ತಾನೇ ಮಣ್ಣಾಗಿದ್ದ ಕಲ್ಲಪ್ಪನ ಮನೆಗೆ ಹೋಗಿ ಕಿಟಕಿಯ ಅಲಾರಂ ಬಿಚ್ಚಿದ್ದ. ನೆಂಟರಿಗೆ ಕಾದು ಕಾದು, ಮಣ್ಣು ಮಾಡೋವರೆಗೂ ಹೆಣವನ್ನ ಆ ಕಿಟಕಿ ಕೆಳಗೇ ಇಟ್ಟಿದ್ದರು. ಚೌಕಟ್ಟಿನ ಜಿಡ್ಡು ಬೆರಳಿಗೆ ಮೆತ್ತಿಕೊಂಡಿತು. ಕೊಳೆತ ಹೂವು, ಊದುಬತ್ತಿ... ಅದರಡಿ ಇನ್ನೊಂದು ವಾಸನೆ.

ದೀಪದ ಪಕ್ಕ ಕೂತಿದ್ದ ಕಲ್ಲಪ್ಪನ ಹೆಂಡತಿ ಅಂಜಿನಮ್ಮ ಪಿಸುಗುಟ್ಟಿದ್ದಳು. "ಏನ್ ಬಿಚ್ತಿದೀಯಪ್ಪಾ?"

"ಬ್ಯಾಟ್ರಿ ನೋಡ್ತಿದೀನಿ ಕಣಮ್ಮ."

ಕಿರುಚದ ಹಾಗೆ ಬ್ಯಾಟರಿ ತೆಗೆದು ಕಿತ್ತ. ಗಡಿಬಿಡಿಯಲ್ಲಿ ಪೆಟ್ಟಿಗೆ ಮಾತ್ರ ಬಂತು, ಮ್ಯಾಗ್ನೆಟ್ ಅಲ್ಲೇ ಉಳಿಯಿತು. ಹೊರಡುವಾಗ ಬಾಯಿಗೆ ಅಭ್ಯಾಸ ನೋಡಿ, "ಬತ್ತೀನಿ" ಅಂದುಬಿಟ್ಟ.

ಸಾವಿನ ಮನೆಯಲ್ಲಿ ಯಾರಾದರೂ ಆ ಮಾತು ಹೇಳಿ ಹೊರಡ್ತಾರಾ? ಅಂಜಿನಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಅವಳಾಚೆ ಖಾಲಿ ಚಾಪೆ. ಅಲ್ಲಿಂದ ಗಂಡಸಿನ ದನಿ...

"ಹೂಂ, ನಡಿ... ನಾನೂ ಬತ್ತೀನಿ."

ಬಾವಿ ದಾಟುವಾಗ ಹಿಂದೆ ಒದ್ದೆ ಕಾಲಿನ ಸದ್ದು. ಪಚಕ್... ಪಚಕ್... ಇವನು ನಿಂತರೆ ಅದೂ ನಿಲ್ಲುತ್ತೆ. ತಿರುಗಿ ನೋಡದೆ ಮನೆ ಸೇರಿದ.

ಸಂಗೀತಾ ಮೂಗು ಮುಚ್ಚಿಕೊಂಡಳು. "ಏನ್ ತುಳ್ಕೊಂಡ್ ಬಂದ್ರಿ? ಥೂ, ಕಾಲು ತೊಳೀರಿ."

ಇವನು ಪೆಟ್ಟಿಗೆಯನ್ನು ಮಗು ಮಲಗೋ ಕಿಟಕಿಯ ಚೌಕಟ್ಟಿಗೆ ಅಂಟಿಸಿದ. ಮ್ಯಾಗ್ನೆಟ್ ಇಲ್ಲದೆ ಸುಮ್ಮನೆ ಕಿರುಚೀತು ಅಂತ ಬ್ಯಾಟರಿ ಹಾಕದೆ ಮೇಜಿನ ಮೇಲಿಟ್ಟು ಮಲಗಿದ.

ಕಣ್ಣು ಹತ್ತಿತ್ತು, ಅಷ್ಟೇ.

ಕೀಂ... ಕೀಂ... ಕೀಂ...

ದೀಪ ಹಾಕಿದರು. ಕಿಟಕಿಯ ಚಿಲಕ ಹಾಕಿದ ಹಾಗೇ ಇದೆ. ಬ್ಯಾಟರಿ ಮೇಜಿನ ಮೇಲೇ ಇದೆ. ಮಗು ಸ್ಫೂರ್ತಿ ಅಳಲೂ ಇಲ್ಲ, ನಿದ್ದೆಯಲ್ಲೇ ಮುಷ್ಟಿ ಬಿಗಿದಿತ್ತು. ಸಂಗೀತಾ ಒಂದೊಂದೇ ಬೆರಳು ಬಿಡಿಸಿದಳು.

ಒಳಗೆ ಮ್ಯಾಗ್ನೆಟ್... ಜಿಡ್ಡು ಮೆತ್ತಿದ್ದು. ಕಲ್ಲಪ್ಪನ ಕಿಟಕಿಯದು.

ಬೆಳಿಗ್ಗೆ ಎರಡೂ ತುಂಡು ಅಂಜಿನಮ್ಮನ ಮುಂದಿಟ್ಟು, ಈ ಸಲ "ಬತ್ತೀನಿ" ಅನ್ನದೆ ಎದ್ದು ಬಂದ. ಸುಳ್ಳು ಅಂತೀರಾ? ಸೀಗೆಪುಡಿ ಹಾಕಿ ಎಷ್ಟು ಉಜ್ಜಿದ್ದರೂ... ಆ ಮಗುವಿನ ಅಂಗೈ ನಾನೇ ಮೂಸಿ ನೋಡಿದೀನಿ ಕಣ್ರೀ.