ಅಂದಪ್ಪನ ಮಗ್ಗದ ಕುಣಿ

ಮೂರು ದಿನದಿಂದ ಜಡಿಮಳೆ. ತಂಪಿಗೆ ನೂಲು ಹಸಿಯಾಗಿ ಇಳಕಲ್ಲಿನ ನಮ್ಮ ಓಣಿಯ ಮಗ್ಗಗಳೆಲ್ಲ ನಿಂತಿದ್ದವು. ಎಂಬತ್ತಾರನೆಯ ಇಸವಿಯ ಶ್ರಾವಣ. ಸಂಜೆ ನಾವು ಐದಾರು ಹೆಂಗಸರು ಪಡಸಾಲೆಯಲ್ಲಿ ಕಂಡಿಕೆಗೆ ನೂಲು ಸುತ್ತುತ್ತ ಕೂತಿದ್ದಾಗ ಅಮೀನಬಿ ಆಯಿ ಗೋಣಿಚೀಲ ಹೊದ್ದು ಬಂದಳು. ತೀರಿಹೋದ ಬಣ್ಣಗಾರ ಅಬ್ದುಲಸಾಬರ ಹೆಂಡತಿ, ಎಪ್ಪತ್ತು ದಾಟಿತ್ತು. ಕೊಟ್ಟ ಚಹಾ ಮುಟ್ಟದೆ ಶುರುಮಾಡಿದಳು.

"ಹದಿಮೂರು ವರ್ಷದ ಹಿಂದಿನ ಮಾತವ್ವ. ಹಿಂದಿನ ಓಣ್ಯಾಗ ಅಂದಪ್ಪ ಅಂತ ನೇಕಾರ ಇದ್ದ. ಅವನ ಹೇಂತಿ ಸೋಮವ್ವ, ಇಪ್ಪತ್ತರ ಹುಡುಗಿ. ಒಂದು ಸೋಮವಾರ ಮುಂಜಾನೆ ನಮ್ಮಲ್ಲಿ ಬಣ್ಣದ ನೂಲು ಇಸ್ಕೊಳ್ಳಾಕ ಬಂದ್ಲು, ಇಸ್ಕೊಂಡು ಹೋದ್ಲು... ಅಷ್ಟ. ಆಮ್ಯಾಲೆ ಆಕಿನ್ನ ಯಾರೂ ನೋಡಲಿಲ್ಲ. ಅಂದಪ್ಪ ಎದಿ ಬಡಕೊಂಡು, 'ಬಣ್ಣಗಾರನ ಮನಿಗೆ ಹೋದಾಕಿ ಹೊಳ್ಳಿ ಬರಲೇ ಇಲ್ಲ' ಅಂದ. ಪೊಲೀಸರು ನಮ್ಮ ಮನಿಯವರನ್ನ ಕರಕೊಂಡು ಹೋದ್ರು. ಆಕಿ ಮನಿ ಹಾದಿ ಹಿಡದಿದ್ದು ನಾ ಕಣ್ಣಾರೆ ಕಂಡೇನ್ರಿ ಅಂತ ಊರ ತುಂಬ ಒದರಿದೆ. ಹೇಂತಿ ಮಾತು ಯಾರು ನಂಬ್ತಾರ?

"ಹನ್ನೊಂದು ದಿನ ಹುಚ್ಚಿ ಹಂಗ ತಿರುಗಿದೆ. ಬಾವಿ ಇಣಕಿದೆ, ಹಳ್ಳದ ದಂಡಿ ಹಿಡದು ನಡದೆ, ಹುನಗುಂದದ ಬಸ್ಸಿನ ಕಂಡಕ್ಟರನ್ನ ಕೇಳಿದೆ... ಅಂಥಾಕಿ ಯಾರೂ ಹತ್ತಿಲ್ಲಂದ. ಆಕಿ ಊರು ಬಿಟ್ಟಿಲ್ಲ ಅಂತ ಅನಿಸ್ತು. ಹಂಗಾರ ಎಲ್ಲಿ?

"ಹನ್ನೆರಡನೇ ದಿನ ಹಿಂಗ ಮಳಿ, ಹಿಂಗ ಎಲ್ಲಾ ಮಗ್ಗ ಬಂದ್. ಹಾಡಹಗಲು ಅಂದಪ್ಪನ ಮನಿ ಮುಂದ ಹೋಗುಮುಂದ ಒಳಗ ಮಗ್ಗ ತುಳಿಯೋ ಸಪ್ಪಳ... ಟಕ್... ಟಕ್. ಬಾಗಿಲು ಸರಿಸಿದ್ರ ಮಗ್ಗದ ಮುಂದ ಯಾರೂ ಇಲ್ಲ! ನೇಕಾರ ಕಾಲು ಇಳಿಬಿಡೋ ಕುಣ್ಯಾಗಿನ ತುಳಿಮಣಿ ಮಾತ್ರ ಒಂದು ಮ್ಯಾಲೆ, ಒಂದು ಕೆಳಗ... ತಾವ ಆಡಾಕತ್ತಿದ್ವು. ಓಡಬೇಕಂತ ಅನಿಸಿತ್ತು, ಖರೆ. ನಾ ಓಡಿದ್ರ ನಮ್ಮ ಮನಿಯವರು ಉಳೀತಿದ್ರೇನು? ಹತ್ರ ಹೋದೆ. ಸಪ್ಪಳ ನಿಂತಿತು. ಆಗ ಮಗ್ಗದ ಮ್ಯಾಲಿನ ಸೀರಿ ಸೆರಗಿನ್ಯಾಗ ಕಪ್ಪಿಟ್ಟ ಕೆಂಪು ನೂಲು ಕಂಡೆ. ಅವ್ವಾ, ಆ ಸೋಮವಾರ ನನ್ನ ತಪ್ಪಿನಿಂದ ಹಂಡೇದ ನೀರು ಭಾಳ ಕಾದು, ಕೆಂಪು ಬಣ್ಣ ಕಪ್ಪಿಗೆ ತಿರುಗಿತ್ತು. ಅಂಥಾ ನೂಲು ಒಂದ ಲಡಿ ಇತ್ತು, ಅದನ್ನ ಸೋಮವ್ವನ ಕೈಯಾಗ ನಾನ ಕೊಟ್ಟಿದ್ದೆ. ಆಕಿ ಮನಿಗೆ ಬರದಿದ್ರ ಆ ನೂಲು ಅಲ್ಲಿ ಹ್ಯಾಂಗ ಬಂತು?

"ಹಿಂದ ಅಂದಪ್ಪ ನಿಂತಿದ್ದ. 'ಏನ್ ನೋಡಾಕತ್ತಿ?' ಅಂದ.

"'ಈ ನೂಲು ಎಲ್ಲೀದಪ್ಪ?'

"'ಬಾಗಲಕೋಟಿ ಪ್ಯಾಟ್ಯಾಗ ತಂದೇನಿ.'

"'ಇಂಥಾ ಕೆಟ್ಟ ಬಣ್ಣ ಪ್ಯಾಟ್ಯಾಗ ಯಾರು ಮಾರ್ತಾರ? ಇದು ನನ್ನ ಕೈಯಾಗ ಕೆಟ್ಟಿದ್ದು.'

"ಅವ ಬಾಗಿಲದ ಅಗಳಿ ಹಾಕಾಕ ಹೋದ... ಅಷ್ಟರಾಗ ತುಳಿಮಣಿ ಮತ್ತ ಟಕ್ ಅಂತು. ಅವ ಅಗಳಿ ಬಿಟ್ಟು ಅಲ್ಲೇ ನೆಲಕ್ಕ ಕುಂತ. 'ಸಾಯ್ತಾಳಂತ ಗೊತ್ತಿರಲಿಲ್ಲ... ಸಿಟ್ಟಿನ್ಯಾಗ ಹೊಡದೆ' ಅಂತ ಅಳಾಕ ಹತ್ತಿದ. ನಾ ಚೀರಿದೆ, ಮಂದಿ ಕೂಡಿತು. ಕುಣಿಯೊಳಗ ಹೊಸದಾಗಿ ಸಾರಿಸಿದ ನೆಲ ಅಗದ್ರು. ಹನ್ನೆರಡು ದಿನ ಅವ ಆಕೀ ಮ್ಯಾಲೆ ಕಾಲು ಇಳಿಬಿಟ್ಟು ನೇದಿದ್ನವ್ವ!

"ಅವ ಜೇಲಿನ್ಯಾಗ ಸತ್ತ. ನಮ್ಮ ಮನಿಯವರು ಬಂದ್ರು, ಆದ್ರ ಮಾತು ಬಿಟ್ರು. ಎರಡು ವರ್ಷ ಗ್ವಾಡಿಗೆ ಮುಖ ಮಾಡಿ ಕುಂತು, ಹಂಗ ಹೋಗಿಬಿಟ್ರು. ಅಷ್ಟೆಲ್ಲಾ ಹುಡುಕಿ ನಾ ಉಳಿಸ್ಕೊಂಡಿದ್ದಾದ್ರೂ ಏನು?"

ಆಯಿ ಸೆರಗಿನಿಂದ ಮುಖ ಒರೆಸಿಕೊಂಡಳು. ಮತ್ತೆ ಮಾತಾಡಿದಾಗ ದನಿ ಇಳಿದಿತ್ತು.

"ಸೋಮವ್ವ ಅವಗ ಎರಡನೇ ಹೇಂತಿ. ಮೊದಲಿನಾಕಿ ಸಿದ್ದವ್ವ ಮುನಿಸ್ಕೊಂಡು ಬಾದಾಮಿ ಕಡೆ ತವರಿಗೆ ಹೋದ್ಲಂತ ಅಂದಿದ್ದ, ನಾವೂ ನಂಬಿದ್ವಿ. ಹೋದ ವಾರ ಆಕೀ ತವರೂರಿಗೆ ಹೋಗಿ ಕೇಳಿದೆ. ಅವರಿಗೆ, ಕಾಲರಾ ಬಂದು ಸತ್ಲು, ಇಳಕಲ್ಲಾಗ ಮಣ್ಣು ಮಾಡೇನಿ ಅಂತ ಅಂದಪ್ಪ ಹೇಳಿದ್ದನಂತ. ಇಲ್ಲಿ ಆಕೀ ಹೆಣ ಯಾರೂ ಕಂಡಿಲ್ಲ.

"ಆ ಮನಿ ಪಾಳು ಬಿದ್ದೈತಿ, ಮಗ್ಗ ಕಿತ್ತು ಒಯ್ದಾರ. ಆದ್ರ ತುಳಿಯೋ ಸಪ್ಪಳ ಇವತ್ತ ಮಧ್ಯಾಹ್ನನೂ ಕೇಳಿ ಬಂದೇನಿ. ಸೋಮವ್ವನ್ನ ಎಲ್ಲಾರು ಕೂಡಿ ಮಣ್ಣು ಮಾಡೇವಿ... ಹಂಗಾರ ಈಗ ತುಳಿಯಾಕತ್ತಾಕಿ ಯಾರವ್ವ?"