ಕರಟದ ಗುಂಡಿ

ನಗೋರು ಎದ್ದು ಹೋಗಿ. ಇದು ಯಾರೋ ಕಂಡೋರ ಕತೆಯಲ್ಲ. ಸಿಂಧಘಟ್ಟದಲ್ಲಿ ನನ್ನ ಚಿಕ್ಕಪ್ಪನ ಮಗ ತಿಮ್ಮರಾಜುಗೆ ಆದದ್ದು, ತೊಂಬತ್ತಾರನೇ ಇಸವೀಲಿ. ಅವನ ಹೆಸರೆತ್ತಿದರೆ ಇವತ್ತಿಗೂ ನನಗೆ ಮೈ ಉರಿಯುತ್ತೆ... ಆದರೂ ಹೇಳ್ತೀನಿ.

ಅಮಾವಾಸ್ಯೆ ರಾತ್ರಿ. ಕೆ.ಆರ್. ಪೇಟೆಯ ಕೊನೇ ಬಸ್ಸು ಇಳಿದು ನಡ್ಕೊಂಡು ಬರ್ತಿದ್ದಾನೆ ಮಹಾನುಭಾವ. ಮೂರು ದಾರಿ ಸೇರೋ ಕಡೆ ಆಲದ ಮರ. ದೃಷ್ಟಿ ತೆಗೆದ ತೆಂಗಿನಕಾಯಿ ಒಡೆಯೋದು ಅಲ್ಲೇ. ಆ ಹೋಳುಗಳನ್ನ ಮುಟ್ಟೋದಿರಲಿ, ತುಳಿದರೂ ಕಾಲು ತೊಳ್ಕೊಳ್ತೀವಿ ನಾವು. ಇವನೋ... ಬಗ್ಗಿದ. ಕುಂಕುಮ, ಕರ್ಪೂರದ ಮಸಿ ಹತ್ತಿದ ಹೋಳುಗಳನ್ನ ಒಂದೊಂದೇ ಆರಿಸಿ ಚೀಲಕ್ಕೆ ಹಾಕ್ದ. ಟಕ್... ಟಕ್... ಟಕ್...

ಯಾಕೆ ಅಂದ್ರೆ, ಸಾಹೇಬರು ವಿಜ್ಞಾನಿ ಆಗಿಬಿಟ್ಟಿದ್ದರು! ಮಂಡ್ಯದಲ್ಲಿ ಎಂಥದೋ ಟ್ರೈನಿಂಗು. ಕರಟ ಸುಟ್ಟು ಇದ್ದಿಲು ಮಾಡೋದು, ಕೆಂಪಗೆ ಕಾದ ಇದ್ದಿಲಿಗೆ ಹಬೆ ಹಾಯಿಸೋದು. ಆಗ ಅದರ ಮೈಯೆಲ್ಲ ಕಣ್ಣಿಗೆ ಕಾಣದಂಥ ತೂತು ಬಿದ್ದು, ನೀರಿನ ಬಣ್ಣ, ವಾಸನೆ, ಕೊಳೆ ಎಲ್ಲ ಹೀರ್ಕೊಳ್ಳುತ್ತಂತೆ. ಆಕ್ಟಿವೇಟೆಡ್ ಕಾರ್ಬನ್ನು! ಆ ಮಾತು ಕಲಿತ ಮೇಲೆ ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕರಟ ಸಾಲದು ಅಂತ ಬೀದಿ ಬೀದಿ ತಿರುಗಿದ, ನಾಚಿಕೆಗೆಟ್ಟವನು.

ಚೀಲ ಸುರಿದಾಗ ಅವನ ತಾಯಿ, ನಮ್ಮ ಚಿಕ್ಕವ್ವ ಚಿಕ್ಕಬೋರಮ್ಮ, ಬಾಯಿ ಬಡ್ಕೊಂಡ್ಳು.

“ಲೇ, ಬೆಳಗ್ಗೆ ನಿಂಗೇ ದೃಷ್ಟಿ ತಗ್ದು ನಾನ್ ಒಡ್ದಿದ್ ಕಾಯಿನೂ ಇದ್ರೊಳ್ಗೇ ಅದೆ ಕಣ್ಲಾ! ಎಲ್ಲಿತ್ತೋ ಅಲ್ಲೇ ಹಾಕ್ಬುಟ್ ಬಾ.”

“ಸುಮ್ಕಿರವ್ವ. ನಿಂಗೇನ್ ಗೊತ್ತು ಸೈನ್ಸು?”

ಮಾರನೇ ದಿನ ತೋಟದ ಗುಂಡಿಗೆ ಕರಟ ತುಂಬಿ ಬೆಂಕಿ ಇಟ್ಟ. ಹೊಗೆ ತೆಳುವಾದ ಮೇಲೆ ತಗಡು ಮುಚ್ಚಿ, ಸುತ್ತ ಹಸಿ ಮಣ್ಣು ಮೆತ್ತಿದ. ಉಸಿರಾಡದ ಹಾಗೆ ಮುಚ್ಚಿಟ್ಟರೇ ಇದ್ದಿಲು, ಚೂರು ಗಾಳಿ ಹೋದರೂ ಎಲ್ಲ ಬೂದಿ. ಬೆಳಿಗ್ಗೆ ಮೈಸೂರಿನ ವ್ಯಾಪಾರಿ ಬರೋನಿದ್ದ. ಇದ್ದಿಲು ಮೆಚ್ಚಿದರೆ ಹಬೆಯ ಯಂತ್ರ ಅವನೇ ಹಾಕಿಕೊಡೋನು. ಅದಕ್ಕೇ ಗಂಡ ಹೆಂಡತಿ ಗುಂಡಿ ಪಕ್ಕದಲ್ಲೇ ಚಾಪೆ ಹಾಸಿ ಕಾವಲು ಮಲಗಿದರು. ಊರೊಳಗಿನ ಮನೇಲಿ ಚಿಕ್ಕವ್ವನ ಜೊತೆಗೆ ನಾನು.

ಆಮೇಲಿನದ್ದು ಅವನ ಹೆಂಡತಿ ಅಣ್ಣಮ್ಮ ನನಗೆ ಹೇಳಿದ್ದು.

ನಡುರಾತ್ರಿ... ಚಿಟ್. ಚಿಟ್. ಕರಟ ಸಿಡಿಯೋ ಸದ್ದು ಅಂದ್ಕೊಂಡರು. ಆಮೇಲೆ... ಕರ್ರ್... ಕರ್ರ್... ತಗಡನ್ನ ಒಳಗಿಂದ ಯಾರೋ ಕೆರೀತಿದ್ದಾರೆ. ಆಮೇಲೆ ಕೆಮ್ಮು.

“ತಿಮ್ಮಾ... ಉಸ್ರು ಕಟ್ತದೆ... ತಗೀಲಾ...”

ಅಣ್ಣಮ್ಮ ಗಂಡನ ತೋಳು ಹಿಡಿದಳು. “ಅತ್ತೆಮ್ಮನ ದನಿ... ತಗೀರಿ!”

“ಅವ್ವ ಮನೇಲವ್ಳೆ. ಗಾಳಿ ಓದ್ರೆ ಬೂದಿ ಕಣಮ್ಮಿ.”

“ಆಗ್ಲಿ ಬುಡಿ, ಬೂದಿನೇ ಆಗ್ಲಿ. ಓಗಿ ಮನೇಲಾದ್ರೂ ಒಂದ್ಸಲ ನೋಡ್ಕೊಂಡ್ ಬನ್ನಿ.”

“ನಾನ್ ಅತ್ಲಾಗ್ ಓದ್ರೆ ನೀನ್ ತಗ್ದುಬುಡ್ತೀಯ.”

ಕೇಳಿದ್ರಾ? ಹೆತ್ತವಳ ದನಿ ಒಳಗೆ ಒದ್ದಾಡ್ತಿದೆ, ಇವನಿಗೆ ಇದ್ದಿಲಿನ ಚಿಂತೆ! ಹೋಗಲೂ ಇಲ್ಲ, ಹೆಂಡತೀನ ಹೋಗೋಕೆ ಬಿಡಲೂ ಇಲ್ಲ. ಮಣ್ಣು ಒಂದು ಕಡೆ ಬಿರುಕು ಬಿಟ್ಟಿತ್ತು. ಕೊಡದ ನೀರು ಬಗ್ಗಿಸಿ ಮಣ್ಣು ಕಲಸಿ ಮತ್ತೆ ಮೆತ್ತಿದ. ಪಟ್... ಪಟ್... ಪಟ್... ಕೆಮ್ಮು ನಿಲ್ಲೋವರೆಗೂ ಮೆತ್ತಿದ. ಥೂ! ಅವನದೂ ಒಂದು ಜನ್ಮ.

ಬೆಳಿಗ್ಗೆ ತಗಡು ತೆಗೆದರೆ ಒಳಗೆ ಬರೀ ಇದ್ದಿಲು. ವ್ಯಾಪಾರಿ ಒಂದು ಹೋಳನ್ನ ಕಲ್ಲಿಗೆ ಕುಟ್ಟಿ ನೋಡಿದ. ಠಣ್ ಅಂತು. “ಫಸ್ಟ್ ಕ್ಲಾಸು” ಅಂದ. ನಮ್ಮ ವಿಜ್ಞಾನಿ ಹೆಂಡತೀನ ಅಣಕಿಸ್ಕೊಂಡು, ಹಲ್ಲು ಕಿರಿದುಕೊಂಡು ಮನೆಗೆ ಬಂದ.

ಚಿಕ್ಕವ್ವ ಜಗುಲಿ ಮೇಲೆ ಕೂತಿದ್ದಳು. ರಾತ್ರಿಯೆಲ್ಲ ನನ್ನ ಪಕ್ಕದಲ್ಲೇ ಮಲಗಿದ್ದವಳು, ಒಂದು ಸಲವೂ ಎದ್ದಿರಲಿಲ್ಲ. ಗುಂಡಿಯೊಳಗೆ ಕೇಳಿದ ದನಿಯ ವಿಷಯ ಅವಳಿಗೆ ಯಾರೂ ಹೇಳಿಯೂ ಇರಲಿಲ್ಲ. ಮಗನ ಮುಖ ನೋಡಿದಳು. ದನಿ ಹೊಗೆ ಕುಡಿದೋರ ಹಾಗೆ ಒಡೆದಿತ್ತು.

“ಯಾಕ್ಲಾ ತಗೀಲಿಲ್ಲ?”

ಅವನ ಹಲ್ಲು ಒಳಗೆ ಹೋಯ್ತು. ಅವತ್ತಿಂದ ಸಾಯೋವರೆಗೂ ಚಿಕ್ಕವ್ವ ಅವನ ಕೈಯಿಂದ ಒಂದು ಲೋಟ ನೀರು ಇಸ್ಕೊಳ್ಳಲಿಲ್ಲ.

ನಂಬೋದು ಬಿಡೋದು ನಿಮಗೆ ಸೇರಿದ್ದು. ಅವತ್ತು ಅವಳ ಕೈ ಹಿಡ್ಕೊಂಡು ಕೂತಿದ್ದವಳು ನಾನು. ಉಗುರಿನ ಸಂದಿಯೆಲ್ಲ ಮಸಿ. ಸೀಗೆಪುಡಿ ಹಾಕಿ ನಾನೇ ಉಜ್ಜಿದೆ... ನಿಮ್ಮಾಣೆ, ಹೋಗಲಿಲ್ಲ.