ಜೀಪಿನ ಬ್ರೇಕಿಗೆ ಕೊಬ್ಬರಿ ಎಣ್ಣೆ

ತಿಪಟೂರಿನಲ್ಲಿ ಬಸ್ಸಿಗೆ ಕಾಯುತ್ತ ಮೋಟಾರು ಸಾಮಾನಿನ ಅಂಗಡಿಯೊಂದರ ನೆರಳಿನಲ್ಲಿ ನಿಂತಿದ್ದೆ. ನನ್ನ ವಯಸ್ಸಿನ ಹೆಂಗಸೊಬ್ಬರು ಚೀಲದಿಂದ ಜೀಪಿನ ಬ್ರೇಕ್ ಎಣ್ಣೆ ತುಂಬುವ ಮಾಸ್ಟರ್ ಸಿಲಿಂಡರ್ ತೆಗೆದು ಮೇಜಿನ ಮೇಲಿಟ್ಟರು. ಅಂಗಡಿಯವರು ಅದನ್ನು ಮೂಸಿ ನೋಡಿದರು.

"ಇದೇನ್ರಮ್ಮ, ಕೊಬ್ಬರಿ ಎಣ್ಣೆ ವಾಸ್ನೆ?"

"ಬ್ರೇಕ್ ಎಣ್ಣೆ ಕಮ್ಮಿಯಾಗಿತ್ತು ಕಣಣ್ಣ. ಮನೇಲಿದ್ದಿದ್ನೇ ಹುಯ್ದೆ."

"ತಲೆಗೆ ಹಚ್ಚೋದನ್ನ ಬ್ರೇಕಿಗೆ ಹುಯ್ದ್ರೆ ಒಳಗಿನ ರಬ್ಬರ್ ಊದ್ಕಳ್ದೆ ಇರ್ತದಾ? ಹೊಸ ನಮೂನೇದು ಬಂದದೆ, ಎರಡು ಕೋಣೇದು. ಒಂದು ಕೈಕೊಟ್ರೂ ಇನ್ನೊಂದು ಹಿಡೀತದೆ."

"ನಮ್ಮ ಹಳೇ ಗಾಡೀಗೆ ಕೂರ್ತದಾ?"

"ಪೈಪೆಲ್ಲಾ ಬದಲಾಯಿಸ್ಬೇಕು. ತುಳಿಯೋದೂ ಬೇರೆ ಥರ ಇರ್ತದೆ."

"ಹಂಗಾದ್ರೆ ಬ್ಯಾಡ. ಅವರ ಕಾಲಿಗೆ ಗುರ್ತು ಸಿಗ್ಬೇಕು."

"ಯಜಮಾನ್ರು ಮತ್ತೆ ಓಡಿಸ್ತಾರಾ? ಲಕ್ವ ಹೊಡೆದು ಮಾತೇ ನಿಂತೋಯ್ತು ಅಂದ್ರು."

"ಓಡ್ಸಲ್ಲ. ಸಂಜೆ ಹೊತ್ತು ನಿಂತ ಜೀಪಲ್ಲೇ ಹತ್ತಿ ಕೂತ್ಕತಾರೆ. ಈಗ ಬ್ರೇಕ್ ತುಳಿದ್ರೆ ಸೀದಾ ತಳಕ್ಕೆ ಹೋಯ್ತದೆ. ಆವಾಗ ಇಳಿದು ಹೋಗಿ ಗೋಡೆ ಕಡೆ ತಿರುಗಿ ಮಲಗ್ಬುಡ್ತಾರೆ."

ಅಂಗಡಿಯವರು ಒಳಗಿನಿಂದ ಹಳೆಯ ನಮೂನೆಯದೊಂದನ್ನು ತಂದು, ಎರಡರ ತೂತುಗಳನ್ನೂ ಜೋಡಿಸಿ ನೋಡಿದರು.

"ಇದು ಕೂರ್ತದೆ. ನೀವೂ ಹತ್ತೀರಾ ಜೀಪು?"

"ಪಕ್ಕದಲ್ಲೇ ಕೂತ್ಕತೀನಿ. 'ಹಾಲ್ಕುರಿಕೆ ಬಂತೇನ್ರೀ' ಅಂತ ಕೇಳ್ತೀನಿ. ಅವರು ಬ್ರೇಕ್ ತುಳಿದ್ರೆ ಬಂತು ಅಂತ. ಬ್ರೇಕ್ ಹೋದಾಗ್ನಿಂದ ಯಾವೂರೂ ಬಂದಿಲ್ಲ ಕಣಣ್ಣ."

ಅಂಗಡಿಯವರು ಬ್ರೇಕ್ ಎಣ್ಣೆಯ ಡಬ್ಬಿಯನ್ನೂ ಚೀಲದೊಳಗಿಟ್ಟರು.

"ಇನ್ಮೇಲೆ ಇದನ್ನೇ ಹುಯ್ರಿ."

ಆಕೆ ಚೀಲವನ್ನು ಎದೆಗವಚಿಕೊಂಡು ಚಿಕ್ಕನಾಯಕನಹಳ್ಳಿ ಬಸ್ಸಿನ ಕಡೆ ನಡೆದರು.